ಮಾಕಳಿ ಬೇರು ಹೊಲದಲ್ಲೂ ಬಂತು, ಘಮವೂ ಬಂತು

ಮಾಕಳಿ ಬೇರು ಅಂದರೆ ಉಪ್ಪಿನಕಾಯಿಗೆ ಹಾಕುವ, ಬೆಟ್ಟದ ಬಳ್ಳಿಯೊಂದರ ಘಮದ ಬೇರು. ಅದು ಹೊಲದಲ್ಲಿ ಬರಲ್ಲ, ಬಂದರೂ ಘಮ ಇರಲ್ಲ. ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಎಲ್ಲರದ್ದೂ ಇದೇ ಮಾತು. ಬೆಟ್ಟದಲ್ಲಿ ಬೇರು ಅಗೆಯುವವರು ಹೇಳಿದರು, ಬೇರು ಕೊಳ್ಳುವ ವ್ಯಾಪಾರಿ ಹೇಳಿದ, ಪಕ್ಕದ ಅಡಿಕೆ ತೋಟದವರಂತೂ ಸಿಕ್ಕಾಗಲೆಲ್ಲ ಹೇಳಿದರು. ಹೋದ ವರ್ಷ ಕೊರಟಗೆರೆ ಕಡೆಯ ನನ್ನ ಕಲ್ಲು ಜಮೀನಿನಲ್ಲಿ, ಸುಮಾರು 15 ಗುಂಟೆಯಲ್ಲಿ, ಹತ್ತಿರ ಹತ್ತಿರ 300 ಕಿಲೋ ಹಸಿ ಬೇರು ತೆಗೆದೆ. ಬೇರು ಕೊಟ್ಟ ಬಳ್ಳಿಗಳಲ್ಲಿ ಮುಕ್ಕಾಲು ಪಾಲು ಈಗ ಮತ್ತೆ ಚಿಗುರಿ ತಂತಿ ಹತ್ತಿವೆ. ಬೆಂಗಳೂರಿನಲ್ಲಿ ವರ್ಷಾ ವರ್ಷ ಮಾಕಳಿ ಉಪ್ಪಿನಕಾಯಿ ಹಾಕುವ ಒಂದು ಮನೆಯವರು ಬೇರು ಮುರಿದು ಮೂಸಿ ನೋಡಿ, ಇದು ಯಾವ ಬೆಟ್ಟದ್ದು ಎಂದು ಕೇಳಿದರು. ಅಷ್ಟು ಸಾಕಿತ್ತು ನನಗೆ.

ಬೆಟ್ಟದ ಬೇರಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಸಿದ್ದರಬೆಟ್ಟ, ದೇವರಾಯನದುರ್ಗ, ಆ ಕಡೆ ಸಾವನದುರ್ಗ, ರಾಮನಗರದ ಗುಡ್ಡಗಳು, ಇನ್ನೂ ಕೆಳಗೆ ಬಿಳಿಗಿರಿರಂಗನ ಬೆಟ್ಟ. ಎಲ್ಲಾ ಕಡೆ ಬೇರನ್ನು ಬುಡಸಮೇತ ಕಿತ್ತುಕೊಂಡು ಬರುತ್ತಾರೆ. ಬುಡ ಹೋದರೆ ಬಳ್ಳಿ ಹೋಯಿತು. ದಕ್ಷಿಣ ಭಾರತ ಬಿಟ್ಟರೆ ಈ ಗಿಡ ಬೇರೆಲ್ಲೂ ಇಲ್ಲ. ಅಪಾಯದಲ್ಲಿರುವ ಸಸ್ಯಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿದೆ. ನಾನು ಚಿಕ್ಕವನಿದ್ದಾಗ ನಮ್ಮ ಹಿಂದಿನ ಗುಡ್ಡದಲ್ಲಿ ಬಂಡೆಗೊಂದು ಬಳ್ಳಿ ಇತ್ತು. ಈಗ ಹುಡುಕಬೇಕು. ಅದಕ್ಕೇ ಕಾಡಿನದನ್ನು ಮುಟ್ಟದೆ ನನ್ನ ಬದುವಿನ ಬಂಡೆ ಸಂದಿಯಲ್ಲಿ ಉಳಿದಿದ್ದ ಎರಡು ಮೂರು ಹಳೇ ಬಳ್ಳಿಗಳಿಂದಲೇ ಶುರು ಮಾಡಿದೆ.

ಮೊದಲು ಕಡ್ಡಿ ನೆಟ್ಟೆ. ಬಲಿತ ಕಾಂಡ, ಎಳೆ ಕಾಂಡ, ನಡುವಿನದು, ಎಲ್ಲಾ ನೋಡಿದೆ. ಬೇರು ಬರಿಸುವ ಪುಡಿ ಹಚ್ಚಿ, ಮರಳಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಅರ್ಧಕ್ಕರ್ಧ ಕೊಳೆತವು. ಉಳಿದವು ಚೆನ್ನಾಗಿ ಚಿಗುರಿದವು, ಎರಡು ಮೂರು ಜೊತೆ ಎಲೆ ಬಿಟ್ಟವು, ಆಮೇಲೆ ಒಂದೊಂದಾಗಿ ಬಾಡಿದವು. ಕಿತ್ತು ನೋಡಿದರೆ ಕೆಳಗೆ ಬೇರೇ ಇಲ್ಲ. ಕಡ್ಡಿಯಲ್ಲಿ ಕೂಡಿಟ್ಟಿದ್ದ ಆಹಾರದ ಬಲದಲ್ಲೇ ಚಿಗುರಿದ್ದವು. ನೂರಕ್ಕೆ ಹತ್ತೂ ಉಳಿಯಲಿಲ್ಲ.

ಸರಿ, ಸಸಿ ಕೊಳ್ಳೋಣ ಎಂದು ಒಂದು ನರ್ಸರಿಯಿಂದ ತರಿಸಿದೆ. ಒಂದಕ್ಕೆ 40 ರೂಪಾಯಿ ಲೆಕ್ಕ, ಸಾಗಣೆ ಬೇರೆ. ಎಂಟು ಸಾವಿರದ ಮೇಲೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಎಲೆ ನೋಡಿಯೇ ಅನುಮಾನ ಬಂತು. ಮಾಕಳಿ ಎಲೆ ಎದುರುಬದುರು ಇರುತ್ತದೆ, ಮೊಟ್ಟೆಯಾಕಾರ, ಬೋಳು, ಹೊಳಪು. ಇವುಗಳ ಎಲೆಯಲ್ಲಿ ಸಣ್ಣ ರೋಮ ಇತ್ತು. ಬೇರಿನ ತುದಿ ಚಿವುಟಿ ಮೂಸಿದೆ, ಏನೂ ಇಲ್ಲ. ಹಾಲು ಬರುವ ಯಾವುದೋ ಬೇರೆ ಬಳ್ಳಿ. ಎಲ್ಲವನ್ನೂ ಕಿತ್ತು ಗುಂಡಿಗೆ ಹಾಕಿದೆ. ದುಡ್ಡು ವಾಪಸ್ ಬರಲಿಲ್ಲ. ನೀವು ಸಸಿ ಕೊಳ್ಳುವುದಾದರೆ ಒಂದು ಸಸಿಯ ಬೇರನ್ನು ಅಲ್ಲೇ ಚಿವುಟಿ ಮೂಸಿ. ಎಳೇ ಬೇರಿನಲ್ಲೂ ಆ ವೆನಿಲ್ಲಾದಂಥ ವಾಸನೆ ಇದ್ದೇ ಇರುತ್ತದೆ. ಸೊಗದೆ ಬೇರಿನಲ್ಲೂ (ನನ್ನಾರಿ ಅನ್ನುತ್ತಾರಲ್ಲ, ಅದು) ಅದೇ ಘಮ, ಆದರೆ ಅದರ ಎಲೆ ಉದ್ದ, ನಡುನರದ ಗುಂಟ ಬಿಳಿ ಗೀರು ಕಾಣುತ್ತದೆ, ಬೇರು ಪೆನ್ಸಿಲ್ ದಪ್ಪ ದಾಟುವುದು ಅಪರೂಪ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಡುವುದು ಇದ್ದದ್ದೇ, ಆಯುರ್ವೇದದ ಅಂಗಡಿಗಳಲ್ಲೂ ಅಷ್ಟೇ.

ಕೊನೆಗೆ ಕೈ ಹಿಡಿದದ್ದು ಬೀಜ. ಬೀಜದ ಕಷ್ಟ ಬೇರೆ ಥರ. ಹೂವು ಗೊಂಚಲು ಗೊಂಚಲಾಗಿ ಬಿಡುತ್ತದೆ, ಕಾಯಿ ಕಚ್ಚುವುದು ಮಾತ್ರ ಬೆರಳೆಣಿಕೆ. ಒಂದು ಹೂವನ್ನು ಭೂತಗನ್ನಡಿಯಲ್ಲಿ ನೋಡಿ. ಎಸಳಿನ ಒಳಮೈಗೆ ಬಿಳಿ ರೋಮ. ಪರಾಗ ಪುಡಿಯಾಗಿ ಉದುರುವುದೇ ಇಲ್ಲ, ಅಂಟು ಬುಡದ ಪುಟ್ಟ ಚಮಚದಂಥ ಒಂದು ಭಾಗದಲ್ಲಿ ಕೂತಿರುತ್ತದೆ. ಹುಳು ಬಂದು ಅದನ್ನು ಹೊತ್ತುಕೊಂಡು ಹೋಗಬೇಕು. ಗಾಳಿಯಿಂದ ಆಗುವ ಕೆಲಸ ಅಲ್ಲ. ಹಾಗಾಗಿ ಬಳ್ಳಿಗಳ ಹತ್ತಿರ ಯಾವ ಔಷಧಿಯನ್ನೂ ಹೊಡೆಯುವುದನ್ನು ನಿಲ್ಲಿಸಿದೆ, ಸುತ್ತ ತುಂಬೆ ಗಿಡ ಬೆಳೆಯಲು ಬಿಟ್ಟೆ. ಅದರಿಂದಲೇ ಎಂದು ಆಣೆ ಮಾಡಲಾರೆ, ಆದರೆ ಮುಂದಿನ ವರ್ಷ ಕಾಯಿ ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಯಿತು.

ಕಾಯಿ ಜೋಡಿಯಾಗಿ ಕೊಂಬಿನ ಹಾಗೆ ನಿಲ್ಲುತ್ತದೆ. ಬಲಿತಾಗ ಉದ್ದಕ್ಕೆ ಬಿರಿದು, ರೇಷ್ಮೆ ಕೂದಲು ಹೊತ್ತ ಬೀಜಗಳು ಒಂದು ಮಧ್ಯಾಹ್ನದಲ್ಲೇ ಗಾಳಿಗೆ ಹಾರಿ ಹೋಗುತ್ತವೆ. ಹಸಿರು ಹೋಗಿ ಕಂದು ತಿರುಗುತ್ತಿದ್ದಂತೆ ಹಳೇ ಪಂಚೆ ಬಟ್ಟೆಯ ಚೀಲ ಕಟ್ಟಿಬಿಡಬೇಕು. ಚೀಲದೊಳಗೆ ಬಿರಿಯಲಿ, ಆಮೇಲೆ ಬಿಚ್ಚಿ. ಬೀಜ ಇಟ್ಟರೆ ಕೆಟ್ಟಿತು. ನಾನು ಒಂದಿಷ್ಟನ್ನು ಡಬ್ಬಿಯಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ಹಾಕಿದಾಗ ಮೊಳಕೆ ತೀರಾ ಕಡಿಮೆ. ತಾಜಾ ಬೀಜ ವಾರದೊಳಗೆ ಬಿತ್ತಿದರೆ ನೂರಕ್ಕೆ ಅರವತ್ತು ಎಪ್ಪತ್ತು ಬರುತ್ತವೆ. ಬಿತ್ತುವ ಮುಂಚೆ ರಾತ್ರಿಯಿಡೀ ಒಂದರಲ್ಲಿ ನೆನೆಸುತ್ತೇನೆ. ಏನದು ಎಂದು ಸದ್ಯಕ್ಕೆ ಬರೆಯುವುದಿಲ್ಲ. ಕೊಟ್ಟಿಗೆಯಲ್ಲೇ ಸಿಗುವ ವಸ್ತು, ಇಷ್ಟು ಸುಳಿವು ಸಾಕು.

ಈಗ ಬೇರಿನ ಮಾತು. ಮೊದಲ ಸಲ ಮಾಮೂಲಿ ಸಮತಟ್ಟು ಮಡಿ ಮಾಡಿ, ಗೊಬ್ಬರ ಧಾರಾಳವಾಗಿ ಕೊಟ್ಟು, ಡ್ರಿಪ್ ಎಳೆದಿದ್ದೆ. ಬಳ್ಳಿ ನೋಡಲು ಸೊಗಸು. 2022ರ ಮಳೆ ನೆನಪಿದೆ ಅಲ್ವಾ? ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ. ಆ ಮಳೆಗೆ ಬೇರುಗಳೆಲ್ಲ ಒಳಗೇ ಕೊಳೆತವು. ಉಳಿದ ನಾಲ್ಕಾರು ಗಿಡದ ಬೇರು ದಪ್ಪಗಿತ್ತು, ನೀರು ನೀರಾಗಿತ್ತು, ಘಮ ಅರ್ಧವೂ ಇರಲಿಲ್ಲ. ಹೊಲದ ಬೇರಿಗೆ ಘಮ ಇಲ್ಲ ಅನ್ನುವವರ ಮಾತಿನಲ್ಲಿ ಅಷ್ಟು ನಿಜ ಇತ್ತು.

ಬೆಟ್ಟದಲ್ಲಿ ಈ ಬೇರು ಹೇಗೆ ಹೋಗುತ್ತದೆ ಎಂದು ಮತ್ತೆ ಹೋಗಿ ನೋಡಿದೆ. ಬಂಡೆ ಸಂದಿ, ಜಲ್ಲಿ ಜಲ್ಲಿ ಮಣ್ಣು, ಒಂದು ಹಿಡಿ ಎಲೆಗೊಬ್ಬರ. ಮಳೆ ಬಂದರೆ ಗಳಿಗೆಯಲ್ಲಿ ನೀರು ಇಳಿದು ಹೋಗುತ್ತದೆ. ಹೊಲದಲ್ಲೂ ಅದನ್ನೇ ಕಟ್ಟಿದೆ. ಮೊಣಕಾಲೆತ್ತರದ ದಿಣ್ಣೆ. ತಳಕ್ಕೆ ಜಮೀನಿನ ಕಲ್ಲುಗಳನ್ನೇ ಓರೆಯಾಗಿ ಜೋಡಿಸಿದೆ. ಮೇಲೆ ಕೆಂಪು ಮಣ್ಣು ಎರಡು ಪಾಲು, ಕ್ರಷರಿನ ದಪ್ಪ ಪುಡಿ ಎರಡು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಗಿಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಡ್ರಿಪ್ ಮೊದಲ ಬೇಸಿಗೆಗೆ ಮಾತ್ರ, ಆಮೇಲೆ ಮಳೆ ಕೊಟ್ಟಷ್ಟೇ. ಕೀಳುವ ಮುಂಚೆ ಬಳ್ಳಿಯನ್ನು ಬಾಯಾರಿಸಬೇಕು. ಎಷ್ಟು ದಿನ, ಎಲೆ ಯಾವ ಬಣ್ಣಕ್ಕೆ ಬರಬೇಕು ಎನ್ನುವುದನ್ನು ನೋಡಿ ನೋಡಿ ಕಲಿತಿದ್ದೇನೆ. ನನ್ನ ಬೇರಿನ ಘಮದ ಗುಟ್ಟು ಅಲ್ಲೇ ಇದೆ, ಅದು ನನ್ನ ಹತ್ತಿರವೇ ಇರಲಿ.

ಕಿತ್ತದ್ದು ಮೂರನೇ ವರ್ಷ. ದಿಣ್ಣೆಯ ಒಂದು ಬದಿಯ ಕಲ್ಲು ಮಣ್ಣು ಮಾತ್ರ ಸಲಾಕೆಯಲ್ಲಿ ಬಿಡಿಸುವುದು. ಹೊರಗೆ ಚಾಚಿದ ದಪ್ಪ ಬೇರುಗಳನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಹರಿತವಾದ ಕುಡುಗೋಲಿನಲ್ಲಿ ಕತ್ತರಿಸುವುದು. ಗಾಯಕ್ಕೆ ಬೂದಿ ಹಚ್ಚಿ ಮುಚ್ಚುವುದು. ಬುಡ ಮತ್ತು ಆಚೆ ಬದಿಯ ಬೇರು ಹಾಗೇ ಇರುತ್ತದೆ. ಬೆಟ್ಟದಲ್ಲಿ ಬೇರು ಅಗೆದು ಪಳಗಿದ ಒಬ್ಬ ಹಿರಿಯರನ್ನು ಕರೆಸಿದ್ದೆ. ಅರ್ಧ ಬಿಟ್ಟು ಬರುವುದು ಅವರಿಗೆ ಸ್ವಲ್ಪವೂ ಒಪ್ಪಿಗೆ ಇರಲಿಲ್ಲ. ಮೂರು ವಾರದ ಮೇಲೆ ಚಿಗುರು ನೋಡಿದ ಮೇಲೆ ಅವರೇ ಬೂದಿ ಹಚ್ಚಲು ನಿಂತರು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ದಿಣ್ಣೆ ಕಟ್ಟಲು ಆಳು, ಕ್ರಷರ್ ಪುಡಿ, ಕಲ್ಲು ಕೂಚ, ತಂತಿ ಎಲ್ಲಾ ಸೇರಿ 80 ಸಾವಿರದ ಆಸುಪಾಸು. ಹಿಂದಿನ ಪ್ರಯೋಗಗಳಿಗೆ ಹೋದದ್ದು ಇನ್ನೊಂದು 30 ಸಾವಿರ. ನೆಟ್ಟ 400ರಲ್ಲಿ 250ರಷ್ಟು ಬಳ್ಳಿ ನಿಂತವು. ಬಳ್ಳಿಗೆ ಸರಾಸರಿ ಒಂದು ಕಿಲೋ, ಒಂದೂಕಾಲು ಕಿಲೋ ಬೇರು. ವ್ಯಾಪಾರಿ ಕಿಲೋಗೆ 90 ರೂಪಾಯಿ ಅಂದ, ತೋಟದ ಬೇರು ಅನ್ನುವ ಕಾರಣ ಕೊಟ್ಟ. ಕೊಡಲಿಲ್ಲ. ಉಪ್ಪಿನಕಾಯಿ ಹಾಕುವ ಮನೆಗಳಿಗೆ ನೇರವಾಗಿ 280, 300ಕ್ಕೆ ಹೋಯಿತು. ಹಾಕಿದ ದುಡ್ಡಲ್ಲಿ ಬಹುಪಾಲು ಒಂದೇ ಕೊಯ್ಲಿಗೆ ವಾಪಸ್ ಬಂದಿದೆ. ಇನ್ನು ಮುಂದೆ ದಿಣ್ಣೆಯ ಖರ್ಚು ಇಲ್ಲ. ಅಡಿಕೆಯವರ ಲೆಕ್ಕದ ಮುಂದೆ ಇದು ಸಣ್ಣದು, ಆದರೆ ನನಗೆ ಹೊಸ ಬೋರ್‌ವೆಲ್ ಕೊರೆಸುವ ಚಿಂತೆ ಇಲ್ಲ.

ಐವತ್ತು ಕಿಲೋದಷ್ಟು ಮನೆಯಲ್ಲೇ ಉಪ್ಪಿನಕಾಯಿ ಮಾಡಿದೆವು. ಅಕ್ಕಿ ತೊಳೆದ ನೀರಲ್ಲಿ ನೆನೆಸಿ, ಕಂದು ಸಿಪ್ಪೆ ಹೆರೆದು, ಸೀಳಿ, ನಡುವಿನ ನಾರು ಕಡ್ಡಿ ತೆಗೆದು, ಹೆಚ್ಚಿದ ಹೋಳನ್ನು ತಡ ಮಾಡದೆ ನಿಂಬೆರಸಕ್ಕೆ ಹಾಕಬೇಕು. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಹುಳಿ ಮಜ್ಜಿಗೆಯಲ್ಲಿ ಹಾಕಿದ್ದು ನನಗೆ ಇನ್ನೂ ಇಷ್ಟ. ಸಿಪ್ಪೆ, ಕಡ್ಡಿ ಸೇರಿ ಕಾಲು ಭಾಗ ತೂಕ ಹೋಗುತ್ತದೆ, ಬೆಲೆ ಕಟ್ಟುವಾಗ ಇದನ್ನು ಹಿಡಿಯಿರಿ.

ಆ ಸಿಪ್ಪೆಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಸಂಗ್ರಹಿಸಿದ ಕಾಳಿನ ಹುಳುವಿಗೆ ಈ ಬೇರು ಆಗುತ್ತದೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಹಿಂದೆಯೇ ತೋರಿಸಿದ್ದಾರೆ. ನೆರಳಲ್ಲಿ ಒಣಗಿಸಿದ ಸಿಪ್ಪೆಯನ್ನು ಬಿತ್ತನೆ ಅವರೆಯ ಒಂದು ಡಬ್ಬಿಗೆ ಹಾಕಿದೆ, ಇನ್ನೊಂದನ್ನು ಸುಮ್ನೆ ಬಿಟ್ಟೆ. ಸುಮ್ನೆ ಬಿಟ್ಟದ್ದು ಎರಡು ತಿಂಗಳಲ್ಲಿ ತೂತು ತೂತು. ಸಿಪ್ಪೆ ಹಾಕಿದ್ದು ನಾಲ್ಕೈದು ತಿಂಗಳು ಚೆನ್ನಾಗಿತ್ತು. ಘಮ ಇಳಿದ ಮೇಲೆ ಅದಕ್ಕೂ ಹುಳು ಬಂತು, ಹಾಗಾಗಿ ನಡುವೆ ಒಮ್ಮೆ ಸಿಪ್ಪೆ ಬದಲಿಸಬೇಕು.

ಔಷಧಿಯ ವಿಷಯ. ನಮ್ಮಲ್ಲಿ ಮೈ ಉಷ್ಣಕ್ಕೆ, ಬಾಯಿ ರುಚಿ ಕೆಟ್ಟಾಗ, ಹಸಿವು ಹುಟ್ಟಲು ಇದನ್ನು ಕೊಡುವುದು ಹಿಂದಿನಿಂದ ಬಂದದ್ದು. ಹೆಬ್ಬೆರಳುದ್ದ ಬೇರು ಜಜ್ಜಿ ಮಡಕೆ ನೀರಲ್ಲಿ ರಾತ್ರಿ ಹಾಕಿಟ್ಟು, ಬೆಳಿಗ್ಗೆ ಸೋಸಿ ಬೆಲ್ಲ ಸೇರಿಸಿ ಕುಡಿಯುತ್ತೇವೆ. ಬೇಸಿಗೆಯಲ್ಲಿ ನನಗೆ ಇದೇ ಪಾನಕ. ರಕ್ತಶುದ್ಧಿಗೂ ಹೇಳುತ್ತಾರೆ. ಹೊಟ್ಟೆ ಹುಣ್ಣಿನ ಬಗ್ಗೆ ಇಲಿಗಳ ಮೇಲೆ ಮೈಸೂರಿನಲ್ಲೇ ಕೆಲಸ ನಡೆದಿದೆ, ಫಲಿತಾಂಶವೂ ಚೆನ್ನಾಗಿತ್ತು. ಅಷ್ಟನ್ನೇ ಹಿಡಿದು ರೋಗ ವಾಸಿ ಎಂದು ಹೇಳಿ ನಾನು ಒಂದು ಕಡ್ಡಿಯನ್ನೂ ಮಾರುವುದಿಲ್ಲ. ಕೇಳಿ ಬಂದವರನ್ನು ವೈದ್ಯರ ಹತ್ತಿರ ಕಳಿಸಿದ್ದೇನೆ.

ಈ ವರ್ಷ ಆಚೆ ಬದಿಯ ಬೇರು ಮುಟ್ಟುವುದಿಲ್ಲ, ಇನ್ನೊಂದು ವರ್ಷ ಬಲಿಯಲಿ. ಬೀಜದಿಂದ ಎಬ್ಬಿಸಿದ 200 ಸಸಿ ಈಗ ಚೀಲದಲ್ಲಿವೆ. ಅರ್ಧ ಹೊಸ ದಿಣ್ಣೆಗೆ. ಇನ್ನರ್ಧವನ್ನು ಹಿಂದಿನ ಗುಡ್ಡಕ್ಕೆ ಅಂಟಿದ ನನ್ನ ಬದುವಿನ ಬಂಡೆ ಸಂದಿಗಳಿಗೆ, ಮೊದಲ ಮುಂಗಾರು ಬಿದ್ದ ಮೇಲೆ ನೆಡುತ್ತೇನೆ. ಅವನ್ನು ಕೀಳುವುದಿಲ್ಲ, ಬೀಜಕ್ಕೆ ಬಿಡುತ್ತೇನೆ.