ಎಸ್ಸೆಸ್ಸೆಲ್ಸಿ ಫೇಲಾದವರೂ ಬಂದ ನಮ್ಮ ಸ್ನೇಹ ಸಮ್ಮಿಲನ

ಸ್ನೇಹ ಸಮ್ಮಿಲನಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ದಿನಾಂಕ ಗೊತ್ತು ಮಾಡುತ್ತಾರೆ. ಆಮೇಲೆ ಸಭಾಂಗಣ, ಊಟ, ಶಾಲು, ಸ್ಮರಣಿಕೆ. ಜನರನ್ನು ಹುಡುಕುವ ಕೆಲಸ ಕೊನೆಗೆ ಉಳಿಯುತ್ತದೆ. ಅದೂ ‘ನಿನ್ನ ಹತ್ತಿರ ಯಾರ ನಂಬರ್ ಇದೆ’ ಎಂಬಲ್ಲಿಗೆ ಮುಗಿಯುತ್ತದೆ. ಹಾಗೆ ಮಾಡಿದರೆ ಯಾರು ಬರುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು: ಪಾಸಾದವರು, ನೌಕರಿ ಹಿಡಿದವರು, ಬೆಂಗಳೂರು ಸೇರಿದವರು, ಊರಲ್ಲೇ ಇದ್ದರೂ ನಾಲ್ಕು ಜನರ ನಡುವೆ ಮಾತಾಡಿ ಗೊತ್ತಿರುವವರು. ಉಳಿದವರಿಗೆ ಕಾರ್ಯಕ್ರಮ ಆಗಿದ್ದು ಫೋಟೊ ನೋಡಿದ ಮೇಲೆ ತಿಳಿಯುತ್ತದೆ.

ನಾವು 1998ರಲ್ಲಿ ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದವರು. 2023ಕ್ಕೆ ಇಪ್ಪತ್ತೈದು ವರ್ಷವಾಗುತ್ತಿತ್ತು. ಗುರುವಂದನೆ ಮಾಡಬೇಕು ಎಂಬ ಮಾತು ಅಡಿಕೆ ಮಂಡಿಯ ಮುಂದಿನ ಚಹಾದಂಗಡಿಯಲ್ಲಿ ಎದ್ದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಬ್ಯಾಚ್ ಎಂದರೆ ಯಾರು? ಎಲ್ಲರೂ ನನ್ನ ಮುಖ ನೋಡಿದರು. ಹತ್ತನೇ ತರಗತಿ ಪಾಸಾದವರು ಮಾತ್ರವೇ? ಪರೀಕ್ಷೆಗೆ ಕೂತು ಇಂಗ್ಲಿಷಿನಲ್ಲೋ ಗಣಿತದಲ್ಲೋ ಹೋದವರು? ಒಂಬತ್ತನೆಯದರಲ್ಲೇ ಮದುವೆಯಾಗಿ ಹೋದ ಹುಡುಗಿಯರು? ತೋಟದ ಕೆಲಸಕ್ಕೆಂದು ಎಂಟರಲ್ಲೇ ಬಿಟ್ಟವರು? ಚರ್ಚೆ ಬಹಳ ಎಳೆಯಲಿಲ್ಲ. ಎಂಟನೇ ತರಗತಿಗೆ ನಮ್ಮ ಜೊತೆ ಹೆಸರು ಹಚ್ಚಿದವರೆಲ್ಲ ನಮ್ಮವರು ಎಂದು ತೀರ್ಮಾನವಾಯಿತು. ಆ ಒಂದು ತೀರ್ಮಾನದಿಂದ ನಮ್ಮ ಕೆಲಸ ಇಮ್ಮಡಿಯಾಯಿತು. ನನ್ನನ್ನು ಕೇಳಿದರೆ, ಇಡೀ ಕಾರ್ಯಕ್ರಮದಲ್ಲಿ ನಾವು ತೆಗೆದುಕೊಂಡ ನಿಜವಾದ ನಿರ್ಧಾರ ಅದೊಂದೇ, ಉಳಿದದ್ದೆಲ್ಲ ಓಡಾಟ.

ಹಾಗಾಗಿ ಮೊದಲ ಭೇಟಿ ಶಾಲೆಯ ಕಚೇರಿಗೆ. ಈಗಿನ ಮುಖ್ಯ ಶಿಕ್ಷಕಿಗೆ ವಿಷಯ ತಿಳಿಸಿ, ಬರವಣಿಗೆಯಲ್ಲಿ ಮನವಿ ಕೊಟ್ಟು, ಅವರ ಎದುರಿಗೇ ಕೂತು ದಾಖಲಾತಿ ವಹಿ ನೋಡಿದೆವು. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ಅಂಚುಗಳನ್ನು ಬೆಳ್ಳಿಮೀನು ಹುಳ ತಿಂದಿತ್ತು. ಅದರಲ್ಲಿ ಹೆಸರು, ತಂದೆಯ ಹೆಸರು, ಊರು, ಜನ್ಮ ದಿನಾಂಕ, ಜಾತಿ, ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ ಎಲ್ಲವೂ ಇರುತ್ತದೆ. ನಾವು ಬರೆದುಕೊಂಡದ್ದು ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು ಮತ್ತು ಊರು ಮಾತ್ರ. ಮೊಬೈಲಿನಲ್ಲಿ ಪುಟದ ಫೋಟೊ ತೆಗೆದರೆ ಐದು ನಿಮಿಷದ ಕೆಲಸ ಎಂದು ಒಬ್ಬ ಹೇಳಿದ. ಆದರೆ ಜಾತಿ, ಜನ್ಮ ದಿನಾಂಕದ ಕಲಮುಗಳು ವಾಟ್ಸ್ಆ್ಯಪಿನಲ್ಲಿ ಊರೂರು ಸುತ್ತುವುದು ಯಾರಿಗೂ ಬೇಡವಾಗಿತ್ತು. ಕೈಯಲ್ಲೇ ಬರೆದುಕೊಂಡೆವು. ತೊಂಬತ್ತರ ಆಸುಪಾಸು ಹೆಸರು. ಅವುಗಳಲ್ಲಿ ಅರ್ಧದಷ್ಟು ನನಗೆ ನೆನಪೇ ಇರಲಿಲ್ಲ.

ಹುಡುಗರನ್ನು ಹುಡುಕುವುದು ಸುಲಭ. ಊರಿನ ಹೆಸರು, ತಂದೆಯ ಹೆಸರು ಹಿಡಿದುಕೊಂಡು ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಕೇಳಿದರೆ ಮನೆ ಸಿಗುತ್ತದೆ. ಹುಡುಗಿಯರದು ಹಾಗಲ್ಲ. ಮದುವೆಯಾಗಿ ಸೊರಬ, ಹೊಸನಗರ, ಸಿದ್ದಾಪುರ, ಹೊಳೆಯಾಚೆ ಎಂದು ಚದುರಿರುತ್ತಾರೆ. ಹೆಸರಿನ ಹಿಂದಿನ ಇನಿಶಿಯಲ್ ಬದಲಾಗಿರುತ್ತದೆ. ಕೆಲವರಿಗೆ ಗಂಡನ ಮನೆಯಲ್ಲಿ ಹೆಸರನ್ನೇ ಬದಲಿಸಿ ಕರೆಯುತ್ತಾರೆ. ಫೇಸ್‌ಬುಕ್ಕಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಇದಕ್ಕಿರುವ ದಾರಿ ತವರು ಮನೆ. ಅಣ್ಣನನ್ನೋ ತಮ್ಮನನ್ನೋ ಕಂಡು, ಕಾರ್ಯಕ್ರಮ ಏನು ಎಂದು ವಿವರಿಸಿ, ನಂಬರ್ ಕೇಳದೆ ನಮ್ಮ ಪೈಕಿ ಒಬ್ಬ ಹೆಣ್ಣುಮಗಳ ನಂಬರನ್ನು ಕೊಟ್ಟು ಬರುತ್ತಿದ್ದೆವು. ‘ಅವರಿಗೆ ಇಷ್ಟವಿದ್ದರೆ ಇವರಿಗೆ ಫೋನ್ ಮಾಡಲಿ.’ ಗಂಡಸರು ಫೋನ್ ಮಾಡಿ ‘ನಾನು ನಿನ್ನ ಕ್ಲಾಸ್‌ಮೇಟ್’ ಎಂದು ಶುರು ಮಾಡುವುದಕ್ಕೂ ಇದಕ್ಕೂ ಅಜಗಜಾಂತರ ವ್ಯತ್ಯಾಸ. ನಮ್ಮ ತಂಡದಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬಳಿದ್ದಳು. ಹುಡುಗಿಯರ ಪಟ್ಟಿಯ ಬಹುಪಾಲು ಅವಳೊಬ್ಬಳೇ ತುಂಬಿಸಿದಳು.

ಅದೃಷ್ಟಕ್ಕೆ ಆ ವರ್ಷದ ಫೆಬ್ರುವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ ಇತ್ತು. ಮೂರು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಆಗ ತವರಿಗೆ ಬಂದೇ ಬರುತ್ತಾರೆ. ನಾವು ಆ ದಿನಗಳಲ್ಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದೆವು. ಬಳೆ ಅಂಗಡಿಗಳ ಸಾಲಿನಲ್ಲಿ ಸಿಕ್ಕವರು ಇನ್ನಿಬ್ಬರ ಸುಳಿವು ಕೊಡುತ್ತಿದ್ದರು.

ಫೇಲಾದವರನ್ನು ಹುಡುಕುವುದು ಕಷ್ಟವಲ್ಲ, ಒಪ್ಪಿಸುವುದು ಕಷ್ಟ. ಪಂಕ್ಚರ್ ಅಂಗಡಿ ಇಟ್ಟಿರುವ ಒಬ್ಬ ನಾನು ಮಾತು ಮುಗಿಸುವ ಮುಂಚೆಯೇ ಹೇಳಿದ: ‘ನಾನು ನಿಮ್ಮ ಬ್ಯಾಚಿನವನಲ್ಲ ಮಾರಾಯ. ನಾನು ಪಾಸಾಗಲೇ ಇಲ್ಲ.’ ಇಂಗ್ಲಿಷಿಗೆ ಮತ್ತೆ ಮತ್ತೆ ಕಟ್ಟಿ, ಕೊನೆಗೆ ಬಿಟ್ಟವನು. ಬುದ್ಧಿವಾದ ಹೇಳಿದ್ದರೆ ಅವನು ಜಾಕ್ ತಿರುಗಿಸುತ್ತಾ ಕೂತುಬಿಡುತ್ತಿದ್ದ. ನಾನು ಪಟ್ಟಿ ತೆಗೆದು ತೋರಿಸಿದೆ: ‘ನಿನ್ನ ದಾಖಲಾತಿ ಸಂಖ್ಯೆ ನನ್ನದಕ್ಕಿಂತ ಮುಂಚಿನದು. ಹಾಗೆ ನೋಡಿದರೆ ನಾನು ನಿನ್ನ ಬ್ಯಾಚಿಗೆ ಬಂದವನು.’ ಅವನು ಕೈ ಒರೆಸಿಕೊಂಡು ಕಾಗದ ಈಸಿಕೊಂಡ, ತನ್ನ ಹೆಸರಿನ ಮೇಲೂ ಕೆಳಗೂ ಇದ್ದ ಹೆಸರುಗಳನ್ನು ಓದಿದ, ‘ಇವನು ಈಗ ಎಲ್ಲಿದ್ದಾನೆ?’ ಎಂದು ಕೇಳಿದ. ಬರುತ್ತಾನೆ ಎಂದು ನನಗೆ ಆಗಲೇ ಗೊತ್ತಾಯಿತು. ಇಂಥವರನ್ನು ಕರೆಯಲು ವಾಟ್ಸ್ಆ್ಯಪ್ ಆಮಂತ್ರಣ ಸಾಲದು. ಎದುರಿಗೆ ಹೋಗಬೇಕು, ಹೋದಾಗ ಅವರಿಗೊಂದು ಕೆಲಸ ಹೇಳಬೇಕು. ಬರಿಯ ಅತಿಥಿಯಾಗಿ ಬರಲು ಮುಜುಗರ ಪಡುವವನು ಕೆಲಸವಿದ್ದರೆ ಎಲ್ಲರಿಗಿಂತ ಮೊದಲು ಬರುತ್ತಾನೆ. ಆ ದಿನ ವಾಹನಗಳ ಇಡೀ ಉಸ್ತುವಾರಿ ಇವನದೇ ಆಗಿತ್ತು.

ದಿನಾಂಕಕ್ಕೆ ಬಂದರೆ, ಮಲೆನಾಡಿನಲ್ಲಿ ಎಲ್ಲರಿಗೂ ಹೊಂದುವ ಭಾನುವಾರ ಎಂಬುದೇ ಇಲ್ಲ. ಏಪ್ರಿಲ್, ಮೇ ಮದುವೆಯ ಕಾಲ. ಸಾಲದ್ದಕ್ಕೆ 2023ರ ಮೇ 10ರಂದು ವಿಧಾನಸಭಾ ಚುನಾವಣೆ, ಶಿಕ್ಷಕರಾಗಿರುವ ಗೆಳೆಯರೆಲ್ಲ ಚುನಾವಣಾ ಕೆಲಸದಲ್ಲಿ. ಜೂನ್‌ನಿಂದ ಮಳೆ. ಪಕ್ಷಮಾಸ ಬೇಡ. ದೀಪಾವಳಿಯ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನ ಹಿಂದೆ ಓಡಾಡುವವರನ್ನು ಯಾವ ಗುರುವಂದನೆಯೂ ಎಳೆದು ತರಲಾರದು. ಉಳಿದದ್ದು ದಸರಾ ರಜೆ. ಅಕ್ಟೋಬರ್ 22ರ ಭಾನುವಾರ, ಆಯುಧಪೂಜೆಯ ಹಿಂದಿನ ದಿನ. ಸೋಮವಾರ, ಮಂಗಳವಾರ ರಜೆ ಇದ್ದದ್ದರಿಂದ ಬೆಂಗಳೂರಿನವರು ಹೇಗೂ ಊರಿಗೆ ಬರುತ್ತಿದ್ದರು. ಶಾಲೆಗೂ ರಜೆ, ಹಾಗಾಗಿ ಸಭಾಂಗಣದ ಬಾಡಿಗೆ ಉಳಿಯಿತು. ನವರಾತ್ರಿಯಾದ್ದರಿಂದ ಊಟಕ್ಕೆ ಮಾಂಸ ಇರಬೇಕೇ ಎಂಬ ಚರ್ಚೆಯೂ ತಾನಾಗಿ ತಪ್ಪಿತು. ಆ ಚರ್ಚೆಯಲ್ಲಿ ಮುರಿದುಬಿದ್ದ ಸಮ್ಮಿಲನಗಳ ಕಥೆ ನಾನು ಬೇಕಾದಷ್ಟು ಕೇಳಿದ್ದೇನೆ.

ಸಮಯ ನಿಶ್ಚಯಿಸಿದ್ದು ಮಾತ್ರ ಹಿನ್ನೀರು ದಾಟಿಸುವ ಲಾಂಚ್. ಶರಾವತಿ ಹಿನ್ನೀರಿನಾಚೆ, ಕರೂರು, ಬಾರಂಗಿ ಹೋಬಳಿಗಳ ಕಡೆ ನಮ್ಮವರು ಹಲವರಿದ್ದರು. ಹೆಚ್ಚಿನವರು ಅತ್ತ ಮದುವೆಯಾಗಿ ಹೋದವರು. ಆಗ ಸೇತುವೆ ಇನ್ನೂ ಕಟ್ಟುತ್ತಿದ್ದರು. ಹೊಳೆಬಾಗಿಲಿನಲ್ಲಿ ಸಂಜೆ ಲಾಂಚ್ ನಿಂತಿತೆಂದರೆ ಆಚೆ ಹೋಗಲು ಬಳಸುದಾರಿಯೇ ಗತಿ. ಹಾಗಾಗಿ ಬೆಳಿಗ್ಗೆ ಹತ್ತೂವರೆಗೆ ಶುರು, ಮಧ್ಯಾಹ್ನ ಮೂರೂವರೆಗೆ ವಂದನಾರ್ಪಣೆ ಎಂದು ಬರೆದು, ಹಾಗೆಯೇ ನಡೆಸಿದೆವು. ಬೆಂಗಳೂರಿನ ಗೆಳೆಯರು ರಾತ್ರಿ ಕ್ಯಾಂಪ್‌ಫೈರ್ ಇಡೋಣ ಎಂದರು. ಬೇಕಾದವರು ಇಟ್ಟುಕೊಳ್ಳಲಿ, ಮುಖ್ಯ ಕಾರ್ಯಕ್ರಮ ಲಾಂಚಿಗೆ ಮುಂಚೆ ಮುಗಿಯಬೇಕು ಎಂದೆವು. ಆ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ಲಿನ ಕಥೆಯೂ ಗೊತ್ತಿದ್ದದ್ದೇ. ಅಲ್ಲಿಗೆ ಅಚ್ಚು ಮಾಡಿಸಿದ ಕಾರ್ಡುಗಳನ್ನು ಕೈಯಲ್ಲೇ ಕಳಿಸಿದೆವು. ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ದೂರದ ಊರುಗಳ ಗೆಳತಿಯರಿಗೆ ಬಸ್ ಖರ್ಚು ಕೇಳುವ ಪ್ರಮೇಯ ತಪ್ಪಿತು. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಆ ಉಚಿತ ಟಿಕೆಟ್ ನಡೆಯುವುದಿಲ್ಲ. ಆ ಊರುಗಳಿಗೆ ನಮ್ಮವರ ಜೀಪು ಹೋಯಿತು.

ಹಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕನಿಷ್ಠ ಮೊತ್ತವಿಲ್ಲ, ಆದರೆ ಗರಿಷ್ಠ ಮಿತಿ ಇದೆ: ಒಬ್ಬರಿಂದ 2,000 ರೂಪಾಯಿಗಿಂತ ಹೆಚ್ಚು ಪಡೆಯುವುದಿಲ್ಲ. ಯಾರು ಎಷ್ಟು ಕೊಟ್ಟರು ಎಂಬುದನ್ನು ಗ್ರೂಪಿನಲ್ಲಿ ಹಾಕುವುದಿಲ್ಲ. ಒಟ್ಟು ಮೊತ್ತ ಮತ್ತು ಖರ್ಚಿನ ಪುಟದ ಫೋಟೊ ಮಾತ್ರ. ಗುತ್ತಿಗೆದಾರನಾಗಿ ಚೆನ್ನಾಗಿ ಬೆಳೆದ ಗೆಳೆಯನೊಬ್ಬ ಊಟದ ಪೂರ್ತಿ ಖರ್ಚು ತನ್ನದು, ದ್ವಾರದಲ್ಲಿ ತನ್ನ ಚಿತ್ರವಿರುವ ಫ್ಲೆಕ್ಸ್ ಇರಲಿ ಎಂದ. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂಬ ನೆಪ ಕೈಗೆ ಸಿಕ್ಕಿತು. ಬಟ್ಟೆಯ ಬ್ಯಾನರಿನಲ್ಲಿ ಶಾಲೆಯ ಹೆಸರು, ವರ್ಷ ಅಷ್ಟೇ ಬರೆಸಿದೆವು. ಒಬ್ಬನ ಹಣದಲ್ಲಿ ನಡೆದರೆ ಅದು ಅವನ ಮನೆಯ ಕಾರ್ಯವಾಗುತ್ತದೆ. ಐವತ್ತು ರೂಪಾಯಿ ಕೊಟ್ಟವಳೂ ತನ್ನ ಕಾರ್ಯ ಎಂದುಕೊಂಡು ಹೋಳಿಗೆ ಬಡಿಸಬೇಕು ಎಂಬುದು ನಮ್ಮ ಆಸೆ. ಅವನು ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಕುರ್ಚಿಗಳ ಲಾರಿಯೊಂದಿಗೆ ಬಂದ.

ಶಿಕ್ಷಕರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬರಲಾಗದಷ್ಟು ವಯಸ್ಸಾದವರ ಮನೆಗೆ ಹಿಂದಿನ ವಾರವೇ ಹೋಗಿ ಶಾಲು, ಹಣ್ಣು ಕೊಟ್ಟು ಬಂದೆವು. ವೇದಿಕೆಯಲ್ಲಿ ಪ್ರತಿಯೊಬ್ಬರಿಗೂ ಮಾತಿಗೆ ಐದು ನಿಮಿಷ ಎಂದು ಮೊದಲೇ ವಿನಂತಿಸಿದ್ದೆವು. ನಿವೃತ್ತ ಮೇಷ್ಟ್ರ ಕೈಗೆ ಮೈಕು ಕೊಟ್ಟು ಐದು ನಿಮಿಷಕ್ಕೆ ವಾಪಸು ಪಡೆದವರು ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ, ನಾವೂ ಪಡೆಯಲಿಲ್ಲ. ಶಾಸಕರನ್ನಾಗಲೀ ಬೇರೆ ಗಣ್ಯರನ್ನಾಗಲೀ ಕರೆಯಲಿಲ್ಲ. ಅದರಿಂದ ಉಳಿದ ಸಮಯವೇ ದೊಡ್ಡದು.

ಉಳಿದ ಆ ಸಮಯದಲ್ಲಿ ಹಾಜರಿ ಕರೆಸಿದೆವು. ಇದು ಎಲ್ಲ ಸಮ್ಮಿಲನಗಳಲ್ಲೂ ಇರುತ್ತದೆ, ಹೊಸದೇನಲ್ಲ. ನಮ್ಮದರಲ್ಲಿ ವ್ಯತ್ಯಾಸವೆಂದರೆ, ಕನ್ನಡ ಮೇಷ್ಟ್ರು ಕರೆದದ್ದು ಎಂಟನೇ ತರಗತಿಯ ಪಟ್ಟಿ, ದಾಖಲಾತಿ ಕ್ರಮದಲ್ಲಿ. ಡಾಕ್ಟರು, ಮೇಸ್ತ್ರಿ, ಟೆಕ್ಕಿ, ಕೊನೆಗೌಡ ಎಲ್ಲರೂ ಅವರವರ ಅಪ್ಪನ ಹೆಸರಿನ ಜೊತೆ ಬಂದರು. ಒಂಬತ್ತರಲ್ಲಿ ಮದುವೆಯಾಗಿ ಹೋಗಿದ್ದ ಗೆಳತಿಯ ಹೆಸರು ಬಂದಾಗ ಅವಳು ಎದ್ದು ನಿಂತು ‘ಹಾಜರ್ ಸಾರ್’ ಎಂದಳು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ‘ಎಲ್ಲಮ್ಮಾ ಹೋಗಿದ್ದೆ ಇಷ್ಟು ದಿನ, ರಜಾಚೀಟಿ ತಂದಿದ್ದೀಯಾ?’ ಎಂದರು. ಸಭೆಯೆಲ್ಲ ನಕ್ಕಿತು. ಅವಳ ಜೊತೆಗೆ ಬಂದಿದ್ದ ಮಗಳು, ಪದವಿ ಓದುತ್ತಿರುವವಳು, ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದಳು. ತೀರಿಕೊಂಡವರ ಹೆಸರನ್ನು ಬಿಡಬಾರದು ಎಂದು ಮೇಷ್ಟ್ರಿಗೆ ಮೊದಲೇ ಹೇಳಿದ್ದೆವು. ಅಂಥ ಹೆಸರು ಬಂದಾಗ ಅದೇ ಊರಿನವರೊಬ್ಬರು ಎದ್ದು, ಇಂಥ ವರ್ಷ ಹೋದ, ಮಕ್ಕಳು ಹೀಗಿದ್ದಾರೆ ಎಂದು ಎರಡು ಮಾತು ಹೇಳಿ ಕೂರುತ್ತಿದ್ದರು. ಪ್ರತ್ಯೇಕ ಮೌನಾಚರಣೆ ಇಡಲಿಲ್ಲ.

ಮಿಕ್ಕ ಹಣವನ್ನು ಶಾಲೆಗೆ ಕೊಟ್ಟೆವು. ಸ್ಮಾರ್ಟ್ ಟಿವಿ ಕೊಡೋಣ ಎಂದು ಹಲವರ ಒತ್ತಾಯವಿತ್ತು. ಮುಖ್ಯ ಶಿಕ್ಷಕಿಯನ್ನು ಕೇಳಿದರೆ, ಹುಡುಗಿಯರ ಶೌಚಾಲಯಕ್ಕೆ ಎರಡು ಬಾಗಿಲು ಮತ್ತು ಮೇಲೊಂದು ನೀರಿನ ತೊಟ್ಟಿ ಸಾಕು ಎಂದರು. ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮೂಲಕ ಕೊಟ್ಟು ರಸೀದಿ ಪಡೆದೆವು. ಏನು ಬೇಕು ಎಂದು ಕೇಳದೆ ಕೊಡುವುದು ಹಳೆಯ ವಿದ್ಯಾರ್ಥಿಗಳ ಕೆಟ್ಟ ಚಾಳಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಪ್ರೊಜೆಕ್ಟರುಗಳು ಎಷ್ಟು ಶಾಲೆಗಳಲ್ಲಿಲ್ಲ!

ಇನ್ನು ಸಂಪರ್ಕ ಉಳಿಸಿಕೊಳ್ಳುವ ಮಾತು. ಕಾರ್ಯಕ್ರಮವಾದ ತಿಂಗಳವರೆಗೆ ಗ್ರೂಪು ಗಿಜಿಗುಟ್ಟುತ್ತದೆ. ಆಮೇಲೆ ಶುಭೋದಯದ ಹೂವು, ನಂತರ ಯಾವುದೋ ಪಕ್ಷದ ವಿಡಿಯೊ, ನಂತರ ಜಗಳ, ನಂತರ ‘ಲೆಫ್ಟ್’. ನಾವು ಎರಡು ಗ್ರೂಪು ಮಾಡಿದೆವು. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಅಲ್ಲಿ ಬರುವುದು ಸಾವು, ಆಸ್ಪತ್ರೆ, ಮಕ್ಕಳ ಮದುವೆ, ಮುಂದಿನ ಕೂಟ, ಅಷ್ಟೇ. ಇನ್ನೊಂದು ಹರಟೆಗೆ, ಸೇರುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಎರಡರಲ್ಲೂ ಚೀಟಿ, ವಿಮೆ, ಸಾಲ, ಸೈಟು ವ್ಯವಹಾರ ನಿಷಿದ್ಧ. ತಮ್ಮ ನಂಬರ್ ಗಂಡಸರಿಗೆಲ್ಲ ಕಾಣುವುದು ಬೇಡ ಎಂದ ಗೆಳತಿಯರಿಗೆ ಅಂಗನವಾಡಿಯ ಗೆಳತಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡಿದ್ದಾಳೆ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಅವರು ಅವಳ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಸಂದೇಶ ತಲುಪುವುದೇ ಇಲ್ಲ. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಊರುವಾರು ಒಬ್ಬೊಬ್ಬರ ಹೊಣೆ. ತಾಳಗುಪ್ಪ ಕಡೆಗೆ ಒಬ್ಬ, ಆವಿನಹಳ್ಳಿ ಕಡೆಗೆ ಒಬ್ಬಳು, ಹೊಳೆಯಾಚೆಗೆ ಇಬ್ಬರು. ಯಾರಿಗಾದರೂ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿರುವ ನಮ್ಮವರಿಗೆ ಇವರೇ ಫೋನ್ ಮಾಡುತ್ತಾರೆ. ವಸತಿ, ರಕ್ತ, ಯಾವ ಕೌಂಟರಿನಲ್ಲಿ ಏನು ಕೇಳಬೇಕು ಎಂಬ ವಿವರ, ಇಷ್ಟು ಸಿಕ್ಕರೂ ಹಳ್ಳಿಯಿಂದ ಹೋದವರಿಗೆ ಅರ್ಧ ಭಾರ ಇಳಿಯುತ್ತದೆ. ಗ್ರೂಪಿನಲ್ಲಿ ಈಗ ವಾರಗಟ್ಟಲೆ ಒಂದು ಸಂದೇಶವೂ ಇರುವುದಿಲ್ಲ. ಕೆಲವರು ಅದನ್ನು ನೋಡಿ ಬೇಸರಪಡುತ್ತಾರೆ, ನನಗೇನೂ ಅನಿಸುವುದಿಲ್ಲ. ಫೋನ್ ಕರೆಗಳ ಲೆಕ್ಕ ಗ್ರೂಪಿನಲ್ಲಿ ಕಾಣುವುದಿಲ್ಲವಲ್ಲ.

2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆ ಉದ್ಘಾಟನೆಯಾಯಿತು. ಮುಂದಿನ ಕೂಟ ತುಮರಿ ಕಡೆ ಆಗಲಿ, ಇಷ್ಟು ವರ್ಷ ನಾವೇ ಈಚೆ ಬಂದಿದ್ದೇವೆ ಎಂದು ಆಚೆಯವರು ಪಟ್ಟು ಹಿಡಿದಿದ್ದಾರೆ. ಖರ್ಚಿನ ಪುಸ್ತಕ ಈ ಸಲ ಪಂಕ್ಚರ್ ಅಂಗಡಿಯವನ ಕೈಯಲ್ಲಿದೆ. ಗರಿಷ್ಠ ಮಿತಿಯನ್ನು 1,000ಕ್ಕೆ ಇಳಿಸಬೇಕು ಎಂಬುದು ಅವನ ವಾದ. ಗುತ್ತಿಗೆದಾರ ಗೆಳೆಯ ಇನ್ನೂ ಒಪ್ಪಿಲ್ಲ.