ಬಾಲ ಮೊದಲು, ತಲೆ ಆಮೇಲೆ: ಖುಸ್ರೋನ ಬೆಳ್ಳಿ ನಾಣ್ಯ ಓದಿದ ಕಥೆ

"ಪಹ್ಲವಿ ಲಿಪಿ ಕಲಿಯದೆ ಇದಕ್ಕೆ ಕೈ ಹಾಕಬೇಡಿ" ಅಂದಿದ್ದರು ಲಂಡನ್ನಿನ ಹಿರಿಯ ಸಂಗ್ರಾಹಕರೊಬ್ಬರು. ಇರಾನಿನ ಆ ಹಳೆಯ ಲಿಪಿಯನ್ನು ನಾನು ಇವತ್ತಿಗೂ ಕಲಿತಿಲ್ಲ. ಆದರೂ ಇರಾನಿನ ಸಸಾನಿ ರಾಜ ಇಮ್ಮಡಿ ಖುಸ್ರೋನ (590–628) ಆಳ್ವಿಕೆಯ ಒಂದೊಂದು ವರ್ಷಕ್ಕೆ ಒಂದೊಂದು ಡ್ರಾಕ್ಮ (ಬೆಳ್ಳಿ ನಾಣ್ಯ) ಅಂತ ಮೂವತ್ತರ ಹತ್ತಿರ ಸೇರಿಸಿದ್ದೇನೆ. ವರ್ಷ, ಟಂಕಸಾಲೆ ಬರೆದಿಟ್ಟ ನಾಣ್ಯಕ್ಕೆ ನಾನು ಕೊಟ್ಟದ್ದು 60–70 ಪೌಂಡ್. ವರ್ತಕರ ತಟ್ಟೆಯಲ್ಲಿ ಗುರುತಿಸದೆ ಬಿದ್ದಿರುವುದಕ್ಕೆ 30ರ ಆಸುಪಾಸು. ನನ್ನವು ಹೆಚ್ಚಿನವು ಆ ತಟ್ಟೆಯವೇ.

ನನ್ನ ಮೊದಲ ವರ್ಷ ಪೂರ್ತಿ ದಂಡ. ನಾಣ್ಯದ ಹಿಂಬದಿಯಲ್ಲಿ ಅಗ್ನಿವೇದಿಯ ಚಿತ್ರ, ಅದರ ಎಡಕ್ಕೆ ಆಳ್ವಿಕೆಯ ವರ್ಷ, ಬಲಕ್ಕೆ ಟಂಕಸಾಲೆಯ ಹೆಸರು. ಅಕ್ಷರ ಅಕ್ಷರ ಕೂಡಿಸಿ ಓದಲು ಹೋದೆ. ವ, ನ, ರ ಮೂರಕ್ಕೂ ಒಂದೇ ಗೀಟು! ಮೋಡಿ ಲಿಪಿಯ ಕಾಗದ ಓದಲು ಕೂತ ಹಾಗಾಯಿತು. ಸುಮ್ನೆ ಊಹೆಯ ಮೇಲೆ ಕೊಂಡು, ಒಂದೇ ವರ್ಷದ ನಾಲ್ಕು ನಾಣ್ಯ ಮನೆಗೆ ಬಂದವು.

ಆಮೇಲೆ ಹೊಳೆದದ್ದು ಬಾಲ, ಅಂದರೆ ವರ್ಷ ಹೇಳುವ ಪದದ ಕೊನೆ. ವರ್ಷ ಇರುವುದು ಅಂಕಿಯಲ್ಲಲ್ಲ, ಪದದಲ್ಲಿ. 1ರಿಂದ 10 ಅರಮಾಯಿಕ್ (ಪಶ್ಚಿಮ ಏಷ್ಯಾದ ಹಳೆಯ ಭಾಷೆ) ಪದಗಳು, 11ರಿಂದ ಪಾರಸಿ. 11–19ಕ್ಕೆ ಕೊನೆಯಲ್ಲಿ 'ದಹ್' (ಹತ್ತು), 21–29ಕ್ಕೆ 'ವೀಸ್ತ್' (ಇಪ್ಪತ್ತು), 31ರಿಂದ ಮುಂದಕ್ಕೆ 'ಸೀಹ್' (ಮೂವತ್ತು). ಮ್ಯೂಸಿಯಂ ಚಿತ್ರಗಳಿಂದ ವರ್ಷದ ಭಾಗ ಮಾತ್ರ ಕತ್ತರಿಸಿ, ಬಾಲದ ಪ್ರಕಾರ ರಟ್ಟಿಗೆ ಅಂಟಿಸಿದೆ. ಟೇಬಲ್ ಲ್ಯಾಂಪನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬಾಲ ನೋಡಿ ಗುಂಪು ಹಿಡಿಯುತ್ತೇನೆ. ತಲೆ, ಅಂದರೆ ಪದದ ಮೊದಲ ಭಾಗ, ಹೊಂದಿಸುವುದು ಆಮೇಲೆ. ಹತ್ತರಲ್ಲಿ ಎಂಟು ಸಿಕ್ಕೇ ಸಿಗುತ್ತವೆ. ತಲೆನೋವು 27, 28. ಹಫ್ತ್, ಹಷ್ತ್ ಅಂದರೆ ನಮ್ಮ ಸಪ್ತ, ಅಷ್ಟದ ದಾಯಾದಿಗಳು. ಸವೆದ ನಾಣ್ಯದಲ್ಲಂತೂ ಅವಳಿಗಳು. ಅವನ್ನು ಬಿಡಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ. ನನ್ನ ಸಾಲಿಗೆ ಇನ್ನೂ ಕೆಲವು ವರ್ಷದ ನಾಣ್ಯ ಬಾಕಿ ಇವೆ, ಅಲ್ವಾ?

ಒಂದು ಲಾಟರಿಯೂ ಹೊಡೆಯಿತು. 28 ಪೌಂಡಿನ ಖುಸ್ರೋ ಅಂದುಕೊಂಡದ್ದರ ಅಂಚಿನಲ್ಲಿ, ವೃತ್ತದ ಹೊರಗೆ, ಅರಬ್ಬಿಯಲ್ಲಿ 'ಬಿಸ್ಮಿಲ್ಲಾ'! ಇರಾನ್ ಗೆದ್ದ ಅರಬರು ಅದೇ ರಾಜನ ಮುಖ ಉಳಿಸಿಕೊಂಡು ಹೊಡೆಸಿದ ನಾಣ್ಯ. ಅದಕ್ಕೆ ಮೂರು ಪಟ್ಟು ಕೊಡುತ್ತೇನೆ ಅಂದರು ಒಬ್ಬರು. ನಾನು ನಾಣ್ಯ ಕೊಡಲಿಲ್ಲ.

ಜಾಸ್ತಿ ಬುದ್ಧಿವಂತಿಕೆ ತೋರಿಸಲು ಹೋಗಿ ಕೆಟ್ಟದ್ದೂ ಉಂಟು. ಮಕ್ಕಳ ಕ್ಲೇಗೆ ಒತ್ತಿ ಅಚ್ಚು ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ ಅಂದುಕೊಂಡೆ. ಕಂಡದ್ದು ತಿರುಗಾಮುರುಗಾ. ಕನ್ನಡಿ ಹಿಡಿದು ಓದಿದೆ. ಮೂರನೆಯ ನಾಣ್ಯ ಹಪ್ಪಳದ ಹಾಗೆ ಚಟ್ ಅಂತು. ಮೂರು ಸೆಂಟಿಮೀಟರ್ ಅಗಲಕ್ಕೆ ಬರೀ ನಾಲ್ಕು ಗ್ರಾಂ ಬೆಳ್ಳಿ, ಅದೂ ಮಣ್ಣಲ್ಲಿ ಬಿದ್ದು ಒಳಗೊಳಗೇ ಹರಳುಗಟ್ಟಿದ್ದು. 45 ಪೌಂಡ್ ಹೋಯಿತು. ಎರಡೂ ಚೂರು ಬೆಂಕಿಪೊಟ್ಟಣದಲ್ಲಿವೆ. ಒಂದರಲ್ಲಿ ವರ್ಷ ಪೂರ್ತಿ ಉಳಿದಿದೆ. ಸೀಹ್ ಬಾಲ, 33. ನನ್ನ ಸಾಲಿನಲ್ಲಿ 33ಕ್ಕೆ ಸದ್ಯಕ್ಕೆ ಇರುವುದು ಆ ಚೂರೇ.