1929ರ ಕುಸಿತವನ್ನು ಓದುವ ಕ್ರಮ

ಇಪ್ಪತ್ತನೆಯ ಶತಮಾನದ ತಿರುವುಗಳನ್ನು ಓದುವವರು 1929 ಎಂದೊಡನೆ ‘ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು’ ಎಂದು ಬರೆದುಕೊಂಡು ಮುಂದಿನ ಇಸವಿಗೆ ಹೋಗಿಬಿಡುತ್ತಾರೆ. ಆ ಕುಸಿತ ಅರ್ಥವಾಗಬೇಕಾದರೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು 1933ರವರೆಗೂ ಹಿಂಬಾಲಿಸಬೇಕು.

ಮೊದಲು ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ಆಗ ಅಮೆರಿಕದಲ್ಲಿ ಷೇರಿನ ಬೆಲೆಯಲ್ಲಿ ಒಂದು ಪಾಲನ್ನಷ್ಟೇ ಕೈಯಿಂದ ಕೊಟ್ಟು, ಉಳಿದದ್ದಕ್ಕೆ ದಲ್ಲಾಳಿಯಿಂದ ಸಾಲ ಪಡೆಯುವ ರೂಢಿಯಿತ್ತು. 100 ಡಾಲರ್ ಸ್ವಂತದ್ದು, 900 ಡಾಲರ್ ಸಾಲ ಎಂದಿಟ್ಟುಕೊಂಡರೆ, ಬೆಲೆ ಶೇ. 10ರಷ್ಟು ಇಳಿದೊಡನೆ ಸ್ವಂತ ಹಣವೆಲ್ಲ ಮುಳುಗಿ ಸಾಲ ಮಾತ್ರ ಉಳಿಯುತ್ತದೆ. ದಲ್ಲಾಳಿ ಮತ್ತಷ್ಟು ಹಣ ಕೇಳುತ್ತಾನೆ, ಕೊಡಲಾಗದವನ ಷೇರು ಮಾರಾಟಕ್ಕೆ ಬರುತ್ತದೆ, ಆ ಮಾರಾಟವೇ ಬೆಲೆಯನ್ನು ಇನ್ನೂ ಕೆಳಕ್ಕೆ ತಳ್ಳುತ್ತದೆ. ಅಕ್ಟೋಬರ್ 28 ಮತ್ತು 29ರಂದು ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತವನ್ನು ತೋರಿಸುವ ಡೌ ಜೋನ್ಸ್ ಸೂಚ್ಯಂಕ ಸುಮಾರು ಶೇ. 23ರಷ್ಟು ಕುಸಿಯಿತು. ಎರಡನೆಯ ದಿನ 1.6 ಕೋಟಿಗೂ ಹೆಚ್ಚು ಷೇರುಗಳು ಮಾರಾಟವಾದವು; ಬೆಲೆಗಳನ್ನು ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುತ್ತಿದ್ದ ಟಿಕ್ಕರ್ ಯಂತ್ರ ಗಂಟೆಗಟ್ಟಲೆ ಹಿಂದೆ ಬಿದ್ದದ್ದರಿಂದ, ತಾನು ಎಷ್ಟು ಕಳೆದುಕೊಂಡೆ ಎಂಬುದೇ ಜನರಿಗೆ ತಿಳಿಯದಾಯಿತು.

ಇಲ್ಲಿಗೇ ನಿಲ್ಲಿಸಬೇಡಿ, ಬ್ಯಾಂಕಿನ ಬಾಗಿಲಿಗೆ ಬನ್ನಿ. ಬಹುಪಾಲು ಅಮೆರಿಕನ್ನರ ಬಳಿ ಷೇರುಗಳೇ ಇರಲಿಲ್ಲ. ಅವರ ಬದುಕನ್ನು ಮುರಿದದ್ದು ಬ್ಯಾಂಕುಗಳ ಸೋಲು ಎಂದೇ ನನ್ನ ಅಭಿಪ್ರಾಯ. ಠೇವಣಿಗೆ ರಾಷ್ಟ್ರಮಟ್ಟದ ವಿಮೆಯಿಲ್ಲದ ಕಾಲದಲ್ಲಿ ಸಾಲಿನಲ್ಲಿ ಮುಂದೆ ನಿಂತವನಿಗೆ ಹಣ ಸಿಗುತ್ತಿತ್ತು, ಹಿಂದಿನವನಿಗೆ ಮುಚ್ಚಿದ ಬಾಗಿಲು. ಹೀಗಾಗಿ ಬರಿಯ ಗಾಳಿಸುದ್ದಿಯೇ ಗಟ್ಟಿಯಾಗಿದ್ದ ಬ್ಯಾಂಕನ್ನೂ ಕೆಡವಬಲ್ಲದಾಗಿತ್ತು. 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ನಿರುದ್ಯೋಗಿಗಳಾಗಿದ್ದರು. ಆ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಎಲ್ಲ ಬ್ಯಾಂಕುಗಳಿಗೆ ರಜೆ ಘೋಷಿಸಿ, 12ರಂದು ಬ್ಯಾಂಕು ನಡೆಯುವ ಬಗೆಯನ್ನು ರೇಡಿಯೋದಲ್ಲಿ ಸರಳವಾಗಿ ವಿವರಿಸಿದರು. ಬಾಗಿಲು ತೆರೆದಾಗ ಜನ ಹಣವನ್ನು ಮರಳಿ ಕಟ್ಟತೊಡಗಿದರು. ಠೇವಣಿ ವಿಮೆಯ ಕಾನೂನು ಅದೇ ವರ್ಷ ಬಂತು. ನಮ್ಮಲ್ಲಿ ಆ ವ್ಯವಸ್ಥೆ ಜಾರಿಯಾದದ್ದು 1962ರಲ್ಲಿ.

ಬಳಿಕ ಗಡಿ ದಾಟಿ ನೋಡಬೇಕು. ಜರ್ಮನಿ ಅಮೆರಿಕದ ಸಾಲವನ್ನು ನೆಚ್ಚಿಕೊಂಡಿತ್ತು. ಆ ಹಣ ಹಿಂದಕ್ಕೆ ಹೋದಂತೆ ಕಾರ್ಖಾನೆಗಳು ಮುಚ್ಚಿದವು, 1932ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತು. 1928ರಲ್ಲಿ ಶೇ. 2.6ರಷ್ಟು ಮತ ಪಡೆದಿದ್ದ ನಾಜಿ ಪಕ್ಷ 1932ರ ಜುಲೈನಲ್ಲಿ ಶೇ. 37.3ಕ್ಕೇರಿತು.

ಆದರೆ ‘ಷೇರುಪೇಟೆ ಕುಸಿಯಿತು, ಆದ್ದರಿಂದ ಹಿಟ್ಲರ್ ಬಂದ’ ಎಂದು ದಯವಿಟ್ಟು ಬರೆಯಬೇಡಿ. ಅಷ್ಟೇ ಕಷ್ಟ ಕಂಡ ಅಮೆರಿಕ ಚುನಾವಣೆಯ ದಾರಿಯನ್ನು ಬಿಡಲಿಲ್ಲ. ಜರ್ಮನಿಯಲ್ಲಿ 1932ರ ನವೆಂಬರ್‌ನಲ್ಲಿ ನಾಜಿಗಳ ಮತ ಶೇ. 33ಕ್ಕೆ ಇಳಿದಿತ್ತು, ಹಾಗಿದ್ದೂ 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ನಾಜಿ ನಾಯಕ ಹಿಟ್ಲರನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿ ನೇಮಿಸಿದರು. ನಿಮ್ಮ ಟಿಪ್ಪಣಿಯಲ್ಲಿ ಆ ನೇಮಕದ ಸಹಿಗೆ ಒಂದು ಪ್ರತ್ಯೇಕ ಸಾಲು ಇರಲಿ.